ಅತ್ತೆಯಿಲ್ಲದ ವಾರ

ಗುಂಡ ಎಂದರೆ ಗುಂಡಗಿರಬೇಕು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಹುಟ್ಟಿದಾಗ ಉಂಡೆಯ ಹಾಗಿದ್ದನಂತೆ, ಅತ್ತೆ ಹಾಗೆ ಕರೆದಳು, ಹೆಸರು ಅಂಟಿಕೊಂಡಿತು. ಈಗ ಕಿವಿಯ ಮೇಲೆ ನರೆ ಬಂದು, ಮೈ ಒಣಕಲು ಕಡ್ಡಿಯಾಗಿ, ಕನ್ನಡಕದಂಗಡಿಯ ಯಜಮಾನನಾದರೂ ಬೀದಿಗೆಲ್ಲ ಅವನು ಗುಂಡನೇ. ಆದರೆ ಗುಂಡನ ಅಂಗಡಿ ಎಂದು ಮಾತ್ರ ಯಾರೂ ಅನ್ನುತ್ತಿರಲಿಲ್ಲ. ಅತ್ತೆ ಅಂಗಡಿ ಅನ್ನುತ್ತಿದ್ದರು. ಅವನ ಹೊಟ್ಟೆಯೊಳಗಿನ ಮುಳ್ಳು ಇದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವನು ವ್ಯಾಪಾರ, ಪ್ರಯೋಗ, ಫಲಿತಾಂಶ ಅಂತ ದೊಡ್ಡ ದೊಡ್ಡ ಮಾತು ಆಡುತ್ತಾನೆ. ನೀವು ಪೂರ್ತಿ ನಂಬಬೇಡಿ.

ಅತ್ತೆ ಗುಂಡನ ಅಪ್ಪನ ಅಕ್ಕ. ಗುಂಡ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಅಪ್ಪ ತೀರಿಕೊಂಡ. ಅಂಗಡಿ ಮಾರಿಬಿಡಿ, ಹೆಂಗಸರ ಕೈಲಿ ಇದೆಲ್ಲ ಆಗೋದಲ್ಲ ಎಂದು ನೆಂಟರೆಲ್ಲ ಒಂದೇ ರಾಗ ಹಾಡಿದರು. ಅತ್ತೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಕೌಂಟರಿನ ಹಿಂದಿನ ಎತ್ತರದ ಸ್ಟೂಲು ಹತ್ತಿ ಕೂತವಳು ಮತ್ತೆ ಇಳಿಯಲೇ ಇಲ್ಲ. ಕನ್ನಡಕದ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸುವುದನ್ನೂ, ಸಾಸಿವೆಯಷ್ಟು ಸ್ಕ್ರೂವನ್ನು ಕಣ್ಣು ಮುಚ್ಚಿ ಕೂರಿಸುವುದನ್ನೂ ಕಲಿತಳು. ಗುಂಡನನ್ನು ಓದಿಸಿದಳು, ಕೆಲಸ ಕಲಿಸಿದಳು, ಮದುವೆ ಮಾಡಿಸಿದಳು, ಅಂಗಡಿಯನ್ನು ಅವನ ಹೆಸರಿಗೆ ಬರೆದೂ ಕೊಟ್ಟಳು. ಸ್ಟೂಲು ಮಾತ್ರ ಬಿಡಲಿಲ್ಲ. ಮನೆಯಲ್ಲಿ ಅವಳಿಗೆ ಗಂಡನೂ ಇರಲಿಲ್ಲ, ಮಕ್ಕಳೂ ಇರಲಿಲ್ಲ, ಹಿಂದಿನ ಬೀದಿಯ ಎರಡು ಕೋಣೆಯ ಬಾಡಿಗೆ ಮನೆಗೆ ಅವಳು ಹೋಗುತ್ತಿದ್ದದ್ದು ಮಲಗುವುದಕ್ಕೆ ಅಷ್ಟೆ. ಅವಳ ಬದುಕೆಲ್ಲ ಇದ್ದದ್ದು ಆ ಸ್ಟೂಲಿನ ಮೇಲೆ.

ಅವಳ ವ್ಯಾಪಾರದ ರೀತಿ ಹೇಗಿತ್ತು ಎಂದರೆ, ಒಂದು ಬೆಳಿಗ್ಗೆ ಒಬ್ಬ ಹೆಂಗಸು ಹೊಸ ಫ್ರೇಮ್ ಬೇಕು ಅಂತ ಬಂದಳು. ಗುಂಡ ಉತ್ಸಾಹದಿಂದ ಟ್ರೇಗಳನ್ನೆಲ್ಲ ತೆಗೆದು ಹರಡಿದ. ಅಷ್ಟರಲ್ಲಿ ಅತ್ತೆ ಆಕೆಯ ಮೂಗಿನ ಮೇಲಿದ್ದ ಹಳೆಯದನ್ನೇ ಕಿತ್ತುಕೊಂಡು ತಿರುಗಿಸಿ ನೋಡುತ್ತಿದ್ದಳು.

"ಇದಕ್ಕೇನಾಗಿದೆ? ಕಡ್ಡಿ ಸಡಿಲ ಆಗಿದೆ ಅಷ್ಟೆ. ತಗೊಳ್ಳಿ, ಇನ್ನೆರಡು ವರ್ಷ ಬರುತ್ತೆ."

"ಆದ್ರೂ ಅತ್ತೆ, ಆ ಕೆಂಪು ಫ್ರೇಮ್ ಚೆನ್ನಾಗಿದೆ."

"ಚೆನ್ನಾಗೇನೋ ಇದೆ, ನಿಮ್ಮ ಮುಖಕ್ಕಲ್ಲ. ಹಾಕ್ಕೊಂಡ್ರೆ ಗೂಬೆ ಥರ ಕಾಣ್ತೀರಿ."

ಆಕೆ ನಕ್ಕು ಹಳೆಯದನ್ನೇ ಹಾಕಿಕೊಂಡು ಹೋದಳು. ಗುಂಡ ಟ್ರೇಗಳನ್ನು ಒಂದೊಂದಾಗಿ ಒಳಗಿಟ್ಟ. ಅವನು ಹಲ್ಲು ಕಡಿದ ಸದ್ದು ಹಿಂದಿನ ಕೋಣೆಯಲ್ಲಿ ಕನ್ನಡಕದ ಗಾಜು ಉಜ್ಜುವ ಆಳಿಗೂ ಕೇಳಿಸಿರಬೇಕು.

ಆ ಸಮಯಕ್ಕೇ ವ್ಯಾಪಾರಿಗಳ ಸಂಘದವರು ಸಂಜೆ ತರಗತಿ ಇಟ್ಟರು. ಪಾಠ ಹೇಳಲು ಬಂದ ಮೇಡಂ ಕಡ್ಡಿ ಮುರಿದ ಹಾಗೆ ಮಾತಾಡುವವರು. "ನಿಮಗೆ ಏನನಿಸುತ್ತೆ ಅನ್ನೋದು ನನಗೆ ಬೇಡ. ಎಲ್ಲರಿಗೂ ಏನಾದ್ರೂ ಅನಿಸ್ತಾನೇ ಇರುತ್ತೆ. ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ವಿಷಯ ಬದಲಾಯಿಸಿ, ಉಳಿದದ್ದು ಇದ್ದ ಹಾಗೇ ಇರ್ಲಿ. ಒಂದು ವಾರ ಹಾಗೆ, ಒಂದು ವಾರ ಹೀಗೆ. ಆಮೇಲೆ ಮಾತಾಡೋಣ," ಅಂದರು. ಗುಂಡನಿಗೆ ಕಿವಿಯಲ್ಲಿ ಯಾರೋ ಮಂತ್ರ ಉಪದೇಶಿಸಿದ ಹಾಗಾಯಿತು.

ಸುಮ್ಮನೆ ಯಾಕೆ ಸುಳ್ಳು ಹೇಳಲಿ, ಮೊದಮೊದಲು ಅವನು ಮಾಡಿದ್ದೆಲ್ಲ ಚೆನ್ನಾಗಿಯೇ ಇತ್ತು. ಮೂಲೆಯ ಕತ್ತಲಲ್ಲಿದ್ದ ಕನ್ನಡಿಯನ್ನು ಕಿಟಕಿಯ ಪಕ್ಕಕ್ಕೆ ತಂದು ಒಂದು ವಾರ ಇಟ್ಟ, ಒಂದು ವಾರ ಮತ್ತೆ ಮೂಲೆಗೆ ಕಳಿಸಿದ. ಕಿಟಕಿಯ ವಾರಗಳಲ್ಲಿ ಜನ ಹೆಚ್ಚು ಹೊತ್ತು ನಿಂತರು, ಹೆಚ್ಚು ಕೊಂಡರು. ಕನ್ನಡಿ ಅಲ್ಲೇ ಉಳಿಯಿತು. ಹಳದಿ ದೀಪ ಹಾಕಿದರೆ ಗಿರಾಕಿಗಳು ಮುಗಿಬೀಳುತ್ತಾರೆ ಎಂದು ಅವನು ಪಂತ ಕಟ್ಟಿದ್ದ. ಹಾಕಿ ನೋಡಿದ. ಯಾರೂ ಬೀಳಲಿಲ್ಲ. "ನಾನು ಅಂದ್ಕೊಂಡಿದ್ದು ತಪ್ಪು," ಎಂದು ಎಲ್ಲರೆದುರು ಹೇಳಿ ದೀಪ ವಾಪಸು ಕೊಟ್ಟ. ಹಾಗೆ ಹೇಳುವ ಗಂಡಸರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕತೆ ಹೇಳುವ ಕೆಲಸವೇ ನನಗಿರುತ್ತಿರಲಿಲ್ಲ.

ಆದರೆ ತಲೆಗೆ ಹೊಕ್ಕ ಹುಳ ಸುಮ್ಮನಿರುತ್ತದೆಯೇ. ಮನೆಯಲ್ಲೂ ಶುರುವಾಯಿತು. ಟೀಗೆ ಒಂದು ವಾರ ಹಾಲು ಮೊದಲು, ಒಂದು ವಾರ ಸಕ್ಕರೆ ಮೊದಲು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ರೀ, ನನ್ನನ್ನೂ ಒಂದು ವಾರ ಬದಲಾಯಿಸಿ ನೋಡ್ತೀರಾ?"

"ನಿನ್ನ ಬದಲು ಯಾರು ಬರ್ತಾರೆ?"

"ಬರೋರು ಯಾರಾದ್ರೂ ಸಿಕ್ಕಿದ್ರೆ ನನಗೂ ಹೇಳಿ. ನಾನೂ ಒಂದು ವಾರ ನಿದ್ದೆ ಮಾಡ್ತೀನಿ."

ಗುಂಡ ನಕ್ಕ. ನಗುತ್ತಲೇ ಆ ಮಾತು ಅವನೊಳಗೆ ಬೇರೆ ಕಡೆ ಹೊರಳಿತು. ಒಂದು ವಾರ ಅತ್ತೆ ಇರುವುದು, ಒಂದು ವಾರ ಅತ್ತೆ ಇಲ್ಲದಿರುವುದು. ಉಳಿದದ್ದೆಲ್ಲ ಇದ್ದ ಹಾಗೇ. ಇದರಲ್ಲಿ ತಪ್ಪೇನಿದೆ, ಕನ್ನಡಿಯನ್ನು ಪರೀಕ್ಷೆ ಮಾಡಿದ ಹಾಗೆಯೇ ಇದೂ ಒಂದು ಪರೀಕ್ಷೆ, ಎಂದು ತನಗೆ ತಾನೇ ಹೇಳಿಕೊಂಡ. ಅತ್ತೆಗೆ ಹೇಳಿದರೆ ಅವಳು ಬೇಕೆಂದೇ ಚೆನ್ನಾಗಿ ವ್ಯಾಪಾರ ಮಾಡಿಬಿಟ್ಟಾಳು, ಹಾಗಾಗಿ ಹೇಳುವ ಹಾಗಿಲ್ಲ. ಒಂದು ನೆಪ ಬೇಕಿತ್ತು.

"ಅತ್ತೆ, ಮೊನ್ನೆ ಮೂಳೆ ಡಾಕ್ಟರ್ ಬಂದಿದ್ರಲ್ಲ, ನೀನು ಸ್ಟೂಲಿಂದ ಇಳಿಯೋದನ್ನ ನೋಡಿದ್ರು. ನಿನ್ನ ಮೊಣಕಾಲಿಗೆ ರೆಸ್ಟ್ ಬೇಕು, ಇಲ್ದಿದ್ರೆ ಮುಂದೆ ಕಷ್ಟ ಅಂದ್ರು," ಅಂದ. ಡಾಕ್ಟರು ಆ ದಿನ ಮೊಣಕಾಲಿನ ಸುದ್ದಿಯನ್ನೇ ಎತ್ತಿರಲಿಲ್ಲ. ಕನ್ನಡಕದ ಡಬ್ಬಿ ಬೇರೆ ಬಣ್ಣದಲ್ಲಿ ಇದೆಯಾ ಎಂದು ಕೇಳಿ ಹೋಗಿದ್ದರು.

"ನನ್ನ ಮೊಣಕಾಲಾ? ಏನೂ ಆಗಿಲ್ಲವಲ್ಲೋ."

"ನಿನಗೆ ಗೊತ್ತಾಗಲ್ಲ ಅತ್ತೆ. ಒಂದು ವಾರ ಬಾ, ಒಂದು ವಾರ ಮನೇಲಿರು. ನನಗೋಸ್ಕರ."

ನನಗೋಸ್ಕರ ಅಂದನಲ್ಲ, ಆ ಒಂದು ಮಾತಿಗೆ ಅವನ ನಾಲಿಗೆ ಹೇಗೆ ತಿರುಗಿತೋ. ಅತ್ತೆ ಅವನನ್ನೇ ನೋಡಿದಳು. ಕಣ್ಣಲ್ಲಿ ನೀರು ಆಡಿತು. "ನಿಮ್ಮಪ್ಪನೂ ಹೀಗೇ, ಪ್ರೀತಿ ಎಲ್ಲ ಒಳಗೇ ಇಟ್ಕೊಳ್ಳೋನು. ಆಯ್ತು ಬಿಡು, ನೀನು ಹೇಳಿದ ಹಾಗೇ ಆಗ್ಲಿ," ಅಂದಳು. ಮಾರನೆಯ ದಿನದಿಂದ, ಯಾವತ್ತೂ ನೋವೆಂದು ಅರಿಯದವಳು, ಸ್ಟೂಲಿನಿಂದ ಇಳಿಯುವಾಗ ಮೊಣಕಾಲಿನ ಮೇಲೆ ಕೈಯಿಟ್ಟು ಇಳಿಯತೊಡಗಿದಳು.

ವಾರಗಳು ಒಂದರ ಹಿಂದೆ ಒಂದು ಬಂದವು. ಫಲಿತಾಂಶ ಗುಂಡನ ಬಾಯಿಗೆ ಸಕ್ಕರೆ ಹಾಕಿದ ಹಾಗಿತ್ತು. ಅತ್ತೆಯಿಲ್ಲದ ವಾರ ಅಂಗಡಿ ತುಂಬಿರುತ್ತಿತ್ತು. ಹಳೆಯ ಗಿರಾಕಿಗಳೇ ಬಂದು, "ಗುಂಡ, ನೀನೇ ನೋಡಪ್ಪ, ನೀನು ಹೇಳಿದ ಫ್ರೇಮೇ ಇರ್ಲಿ," ಅನ್ನುತ್ತಿದ್ದರು. ಅತ್ತೆಯಿರುವ ವಾರ ನೊಣ ಹೊಡೆಯುವುದೇ ಕೆಲಸ. ಅದೂ ಸಾಲದೆಂಬಂತೆ ಅವನು ಕಣ್ಣಾರೆ ಕಂಡ. ಯಾರೋ ಬಾಗಿಲ ತನಕ ಬರುತ್ತಾರೆ, ಅತ್ತೆ ಕೌಂಟರಿನ ಮೇಲಿಂದ ಬಗ್ಗಿ ಏನೋ ಪಿಸುಗುಟ್ಟಿ ಕೈಸನ್ನೆ ಮಾಡುತ್ತಾಳೆ, ಬಂದವರು ತಲೆಯಾಡಿಸಿ ಹೊರಟುಹೋಗುತ್ತಾರೆ.

"ನೋಡಿದ್ಯಾ, ಬಂದ ಗಿರಾಕೀನ ಬಾಗಿಲಲ್ಲೇ ವಾಪಸ್ ಕಳಿಸ್ತಾಳೆ," ಎಂದು ಗುಂಡ ಹಿಂದಿನ ಕೋಣೆಗೆ ಹೋಗಿ ಗಾಜು ಉಜ್ಜುವವನಿಗೆ ಹೇಳಿದ.

"ಯಾಕೆ ಕಳಿಸ್ತೀಯಾ ಅಂತ ಕೇಳಿದ್ರಾ?"

"ಕೇಳಿದ್ರೆ ಪ್ರಯೋಗ ಕೆಡುತ್ತೆ."

ಅವನು ಮತ್ತೆ ಯಂತ್ರದ ಕಡೆ ತಿರುಗಿದ. ಯಜಮಾನ ಬುದ್ಧಿವಂತನಾದರೆ ಆಳಿಗೆ ಮಾತು ಕಡಿಮೆ.

ಕೊನೆಗೆ ಗುಂಡನಿಗೆ ಸಂಶಯವೇ ಉಳಿಯಲಿಲ್ಲ. ವಾರಗಳ ಪರೀಕ್ಷೆಯನ್ನೂ, ಅತ್ತೆಯನ್ನು ಇನ್ನು ಮನೆಯಲ್ಲೇ ಇರಿಸುವ ತೀರ್ಮಾನವನ್ನೂ ಹೆಂಡತಿಗೆ ಹೇಳಿದ. ಅವಳಿಗೆ ಅದೇ ಮೊದಲು ತಿಳಿದದ್ದು.

"ಅತ್ತೆಗೆ ಗೊತ್ತಾ?" ಅಂದಳು.

"ಗೊತ್ತಾಗೋ ಅಗತ್ಯ ಏನಿದೆ? ಇದು ವ್ಯಾಪಾರದ ತೀರ್ಮಾನ."

"ಅವರು ವ್ಯಾಪಾರದ ಸಾಮಾನಲ್ಲ ರೀ," ಎಂದು ಅವಳು ಎದ್ದು ಹೋದಳು. ಗುಂಡ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ದಿನ ಅದೇ ಮೊಣಕಾಲನ್ನು ಮುಂದಿಟ್ಟುಕೊಂಡು, ಇನ್ನು ಅಂಗಡಿಗೆ ಬರುವುದೇ ಬೇಡ, ಡಾಕ್ಟರು ಖಡಾಖಂಡಿತ ಹೇಳಿದ್ದಾರೆ ಅಂದ. ಅತ್ತೆ ಸ್ವಲ್ಪ ಹೊತ್ತು ಕೌಂಟರಿನ ಗಾಜನ್ನು ಅಂಗೈಯಿಂದ ಒರೆಸುತ್ತಾ ಕೂತಳು.

"ಪೂರ್ತಿನಾ?"

"ಪೂರ್ತಿ ಅತ್ತೆ."

"ಆಗಾಗ, ಸ್ಕ್ರೂ ಬಿಗಿ ಮಾಡಿಕೊಡೋಕಾದ್ರೂ?"

"ರೆಸ್ಟ್ ಅಂದ್ರೆ ರೆಸ್ಟು."

ಅವಳು ಸೊಂಟದಿಂದ ಬೀಗದ ಕೈ ಬಿಚ್ಚಿ ಅವನ ಅಂಗೈಯಲ್ಲಿಟ್ಟು, ಅವನ ಗಲ್ಲ ತಟ್ಟಿ ಹೋದಳು. ಬೆರಳ ಬಿಸಿ ಇನ್ನೂ ಗಲ್ಲದ ಮೇಲಿರುವಾಗಲೇ ಗುಂಡ ಸ್ಟೂಲು ಎತ್ತಿ ಒಳಗಿಟ್ಟು, ಆ ಜಾಗದಲ್ಲಿ ಫ್ರೇಮುಗಳ ಹೊಸ ಸ್ಟ್ಯಾಂಡ್ ನಿಲ್ಲಿಸಿದ.

ಸ್ವಲ್ಪ ದಿನ ಜೋರು. ಆಮೇಲೆ ಅಂಗಡಿ ಯಾಕೋ ಸಪ್ಪಗಾಯಿತು. ಸ್ಕ್ರೂ ಬಿಗಿ ಮಾಡಿಸಲು ಬರುತ್ತಿದ್ದವರು ಬರಲಿಲ್ಲ. ಅವರ ಜೊತೆಗೆ ಬರುತ್ತಿದ್ದ ಅಕ್ಕತಂಗಿ, ನೆರೆಹೊರೆಯವರೂ ಬರಲಿಲ್ಲ. ಕೆಂಪು ಫ್ರೇಮುಗಳು ಸ್ಟ್ಯಾಂಡಿನ ಮೇಲೆ ಹಾಗೇ ಕೂತಿದ್ದವು. ಮೇಡಂ ಹೇಳಿದ್ದನ್ನು ಗುಂಡ ಮತ್ತೆ ಮತ್ತೆ ನೆನೆಸಿಕೊಂಡ. ಒಂದೇ ವಿಷಯ ಬದಲಾಯಿಸಿದ್ದೆ, ಉಳಿದದ್ದೆಲ್ಲ ಇದ್ದ ಹಾಗೇ ಇತ್ತು. ಹಾಗಾದರೆ ಎಲ್ಲಿ ತಪ್ಪಿತು?

ಅದನ್ನು ಹೇಳಿಕೊಟ್ಟದ್ದು ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಬೀದಿಯವರಿಗೆಲ್ಲ ಮೇಷ್ಟ್ರೇ. ಮೂಗಿನ ಮೇಲೆ ನಿಲ್ಲದ ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತರು.

"ಏನಪ್ಪಾ ಗುಂಡ, ಅತ್ತೆ ಕಾಲು ಹೇಗಿದೆ?"

"ಪರವಾಗಿಲ್ಲ ಮೇಷ್ಟ್ರೇ."

"ಮಹಾತಾಯಿ. ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಆ ಕಾಲಿಟ್ಕೊಂಡು ಹತ್ತಿ ಬಂದಿದ್ರು."

"ಯಾಕೆ?" ಗುಂಡ ಕನ್ನಡಕ ತಿರುಗಿಸುತ್ತಾ ಕೇಳಿದ.

"ನಿನಗೆ ಹೇಳಿಲ್ವಾ? ರೆಸ್ಟ್ ಇದ್ದ ವಾರಗಳಲ್ಲಿ ನಮ್ಮ ಕಡೆ ಒಂದು ಮನೆ ಬಿಡ್ಲಿಲ್ಲ ಕಣಪ್ಪ. ಗುಂಡ ಅಂಗಡೀಲಿ ಒಬ್ನೇ ಇದ್ದಾನೆ, ಈ ವಾರವೇ ಹೋಗಿ ಮಾಡಿಸ್ಕೊಳ್ಳಿ, ನಾನಿರೋ ವಾರ ಬರ್ಬೇಡಿ ಅಂತ. ನಾನೇ ಒಂದು ಸಲ ಮರೆತು ಅವರಿರೋ ವಾರ ಬಂದಿದ್ದೆ. ಬಾಗಿಲಲ್ಲೇ ಸನ್ನೆ ಮಾಡಿ, ಸೋಮವಾರ ಬನ್ನಿ, ಗುಂಡ ಒಬ್ನೇ ಇರ್ತಾನೆ ಅಂತ ವಾಪಸ್ ಕಳಿಸಿದ್ರು. ಈಗ ಪೂರ್ತಿ ರೆಸ್ಟ್ ಅಂದ್ಮೇಲೆ ಪಾಪ, ನಮ್ಮ ಕಡೆ ಬಂದೇ ಇಲ್ಲ."

ಗುಂಡ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಯಾಕಂತೆ ಹಾಗೆ?"

"ನಾನೂ ಅದನ್ನೇ ಕೇಳ್ದೆ. ಅದಕ್ಕೆ ಅವರು, ನಾನು ಕೂತಿದ್ರೆ ಎಲ್ಲರೂ ನನ್ನ ಮುಂದೆನೇ ಬಂದು ನಿಲ್ತಾರೆ ಮೇಷ್ಟ್ರೇ, ಹುಡುಗನ್ನ ಯಾರೂ ಕೇಳಲ್ಲ. ಯಜಮಾನ ಅವನು. ಅವನ ಮನಸ್ಸಿಗೆ ಎಷ್ಟು ಬೇಜಾರಾಗುತ್ತೋ ಏನೋ, ಬಾಯಿಬಿಟ್ಟು ಹೇಳಲ್ಲ. ನಾನಿಲ್ದಾಗ ನಾಲ್ಕು ಜನ ಬಂದ್ರೆ ಅವನ ಕೈಗುಣ ಗೊತ್ತಾಗುತ್ತೆ ಅಂದ್ರು." ಮೇಷ್ಟ್ರು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಅವನನ್ನು ನೋಡಿ ನಕ್ಕರು. "ಇನ್ನೊಂದೂ ಹೇಳಿದ್ರು. ಹೆತ್ತ ಮಕ್ಕಳಿದ್ದೋರಿಗೂ ಇಂಥ ಯೋಗ ಇಲ್ಲ, ನಾನು ಕೇಳದೇನೇ ನನ್ನ ತಮ್ಮನ ಮಗ ಡಾಕ್ಟರನ್ನ ವಿಚಾರಿಸ್ಕೊಂಡು ಬಂದ ಅಂತ. ಹೋದ ಮನೇಲೆಲ್ಲ ಅದೇ ಮಾತು."

ಗುಂಡ ತಲೆ ತಗ್ಗಿಸಿ ಮೂಗಿನ ಪ್ಯಾಡ್ ಬಗ್ಗಿಸಿದ. ಕಣ್ಣಿಗೆ ಪ್ಯಾಡ್ ಕಾಣುತ್ತಿರಲಿಲ್ಲ. ಮೇಷ್ಟ್ರು ಹೋದ ಮೇಲೆ ಹಿಂದಿನ ಕೋಣೆಗೆ ಹೋಗಿ ನಲ್ಲಿಯ ಕೆಳಗೆ ಮುಖವೊಡ್ಡಿದ. ನಾಚಿಕೆ ಎಂಬುದು ಮುಖ ತೊಳೆದರೆ ಹೋಗುವ ವಸ್ತುವಾಗಿದ್ದರೆ ಅವನು ಆ ದಿನ ಇಡೀ ತೊಟ್ಟಿ ಖಾಲಿ ಮಾಡುತ್ತಿದ್ದ. ಕಿವಿ ಸುಡುತ್ತಿತ್ತು. ಅತ್ತೆ ಬಾಗಿಲಲ್ಲಿ ಪಿಸುಗುಟ್ಟಿದ ಒಂದೊಂದು ಸಲವೂ ಕಣ್ಣ ಮುಂದೆ ಬಂತು. ಅವಳ ಮೇಲಿನ ದೂರು ಎಂದು ಅವನು ಎಣಿಸಿದ್ದೆಲ್ಲ ಅವಳು ಅವನಿಗಾಗಿ ಮಾಡಿದ್ದು. ಎರಡು ಕೊಡ ಬೇರೆಬೇರೆ ಇಟ್ಟಿದ್ದೇನೆ, ಯಾವುದರಲ್ಲಿ ನೀರು ಹೆಚ್ಚು ನೋಡೋಣ ಎಂದು ಇವನು ಅಂದುಕೊಂಡಿದ್ದರೆ, ಅವಳು ತನ್ನ ಕೊಡದ ನೀರನ್ನು ಬೊಗಸೆ ಬೊಗಸೆಯಾಗಿ ಇವನದಕ್ಕೆ ಸುರಿಯುತ್ತಿದ್ದಳು. ಅವಳ ಕೊಡ ಖಾಲಿ ಎಂದು ಇವನು ಅವಳನ್ನೇ ಆಚೆ ಹಾಕಿದ. ಇಂಥ ಜಾಣರು ಒಂದು ಮನೆಗೆ ಒಬ್ಬರಿದ್ದರೆ ಸಾಕು.

ಮಧ್ಯಾಹ್ನ ಊಟಕ್ಕೆ ಕೂತವನು ಕೈ ತಟ್ಟೆಗೆ ಇಡದೆ ಹೆಂಡತಿಗೆ ಎಲ್ಲ ಹೇಳಿದ. ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದ, ಬಯ್ದರೆ ಸ್ವಲ್ಪ ಹಗುರವಾದೀತು ಎಂಬ ಆಸೆಯೂ ಇತ್ತು.

"ಹೋಗಿ ಕರ್ಕೊಂಡು ಬನ್ನಿ," ಎಂದಷ್ಟೇ ಅಂದಳು.

"ಏನಂತ ಕರೀಲಿ?"

"ಅದನ್ನ ನೀವು ಕಳಿಸೋ ಮುಂಚೆ ಯೋಚಿಸ್ಬೇಕಿತ್ತು."

ಅತ್ತೆಯ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಎದುರಿಗೆ ಇನ್ನೊಂದು ಕುರ್ಚಿ, ಅದರ ಮೇಲೆ ದಿಂಬು, ದಿಂಬಿನ ಮೇಲೆ ಕಾಲು, ಮೊಣಕಾಲಿನ ಮೇಲೆ ಬಿಸಿನೀರಿನ ಚೀಲ. ಡಾಕ್ಟರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಯಾವ ಡಾಕ್ಟರು, ಏನು ಹೇಳಿದ್ದು? ಗುಂಡನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಬಾರೋ ಗುಂಡ. ಅಂಗಡಿ ಯಾರು ನೋಡ್ತಿದ್ದಾರೆ?"

"ಮುಚ್ಚಿ ಬಂದೆ. ಅತ್ತೆ, ನೀನು ವಾಪಸ್ ಬಾ. ನಾಳೆಯಿಂದಲೇ."

ಅವಳ ಮುಖ ಅರಳಿದ್ದು ಅವನಿಗೆ ಕಂಡಿತು. ಮರುಕ್ಷಣವೇ ಅವಳು ಅದನ್ನು ಮಡಿಸಿಟ್ಟಳು. "ಹುಚ್ಚಪ್ಪ. ಡಾಕ್ಟರ್ ಅಷ್ಟು ಹೇಳಿರುವಾಗ? ನಾಳೆ ನಾನು ಮೂಲೆ ಹಿಡಿದ್ರೆ ನೀನೇ ತಾನೇ ನೋಡ್ಕೋಬೇಕು. ಬೇಡ. ನಿನಗೆ ಭಾರ ಆಗೋದು ನನಗಿಷ್ಟ ಇಲ್ಲ."

"ಏನೂ ಆಗಲ್ಲ ಅತ್ತೆ."

"ಆಗಲ್ಲ ಅಂತ ನೀನು ಹೇಳಿದ್ರೆ ಆಯ್ತಾ? ಅವರನ್ನೇ ಇನ್ನೊಂದು ಸಲ ಕೇಳ್ಕೊಂಡು ಬಾ, ಆಮೇಲೆ ನೋಡೋಣ."

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದೇ ಬಂತು. ಕೇಳಿದೆ, ಈಗ ಪರವಾಗಿಲ್ಲ ಅಂದರು, ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಬಿಸಿನೀರಿನ ಚೀಲದ ಮೇಲಿದ್ದ ಅವಳ ಕೈ ನೋಡಿ ಅವನಿಂದ ಆಗಲಿಲ್ಲ.

"ಡಾಕ್ಟರ್ ಏನೂ ಹೇಳಿರ್ಲಿಲ್ಲ ಅತ್ತೆ. ನಾನು ಕೇಳೇ ಇರ್ಲಿಲ್ಲ."

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಮೇಡಂ ಹೇಳಿದ್ದು, ಕನ್ನಡಿ ಸರಿಸಿದ್ದು, ಒಂದು ವಾರ ಅವಳು, ಒಂದು ವಾರ ಅವಳಿಲ್ಲದ್ದು, ಎಲ್ಲವನ್ನೂ ನೆಲ ನೋಡುತ್ತಾ ಹೇಳಿದ.

"ಏನು ಬಂತು, ಪರೀಕ್ಷೇಲಿ?" ಎಂದು ಕೊನೆಗೆ ಅತ್ತೆ ಕೇಳಿದಳು.

"ನೀನು ಇಲ್ದಿದ್ರೇನೇ ಒಳ್ಳೇದು ಅಂತ ಬಂತು. ಈಗ ಮೇಷ್ಟ್ರು ಎಲ್ಲ ಹೇಳಿದ್ರು. ನನ್ನದು ತಪ್ಪಾಯ್ತು ಅತ್ತೆ."

ಅತ್ತೆ ಬಿಸಿನೀರಿನ ಚೀಲ ತೆಗೆದು ಕೆಳಗಿಟ್ಟಳು. ಕಾಲನ್ನು ದಿಂಬಿನಿಂದ ಇಳಿಸಿದಳು. ಏನೂ ಆಗಿರದ ಆ ಮೊಣಕಾಲನ್ನು ಒಂದೆರಡು ಸಲ ಮಡಿಸಿ ಚಾಚಿ ನೋಡಿದಳು. ಸಿಟ್ಟು ಬಂದಿದ್ದರೆ ಗುಂಡ ತಡೆದುಕೊಳ್ಳುತ್ತಿದ್ದ. ಅವಳ ಮುಖದಲ್ಲಿ ಬಂದದ್ದು ಸಿಟ್ಟಲ್ಲ. ಕುತ್ತಿಗೆಯಿಂದ ಕಿವಿಯ ತನಕ ಕೆಂಪೇರಿ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಅವಳು ಕಿಟಕಿಯ ಕಡೆ ತಿರುಗಿದಳು.

"ನಾನು ಊರೆಲ್ಲ ಹೇಳ್ಕೊಂಡು ಬಂದೆನಲ್ಲೋ, ಗುಂಡ."

ಗುಂಡ ನೆಲದ ಮೇಲಿದ್ದ ಬಿಸಿನೀರಿನ ಚೀಲವನ್ನು ಎತ್ತಿ ಪಕ್ಕಕ್ಕಿಟ್ಟ.

"ಮನೆಮನೆಗೂ ಹೋಗಿ ಹೇಳ್ದೆ. ಕೇಳ್ದೋರಿಗೂ ಹೇಳ್ದೆ, ಕೇಳ್ದೇ ಇದ್ದೋರಿಗೂ ಹೇಳ್ದೆ. ಅವರೆಲ್ಲ ಏನಂದ್ಕೊಳ್ತಾರೆ ಈಗ?"

"ಬಾ ಅತ್ತೆ. ನಾನೇ ಎಲ್ಲರಿಗೂ ಹೇಳ್ತೀನಿ, ತಪ್ಪು ನಂದು ಅಂತ."

"ಬೇಡ." ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವನು ಎಂದೂ ಕೇಳಿರಲಿಲ್ಲ. "ಯಾರಿಗೂ ಹೇಳ್ಬೇಡ. ನಾನು ಬರಲ್ಲ ಕಣೋ. ಬಂದು ಕೂತ್ರೆ ಬಂದೋರೆಲ್ಲ ಕೇಳ್ತಾರೆ, ಮೊಣಕಾಲು ಏನಾಯ್ತು ಅಂತ. ಏನ್ ಹೇಳ್ಲಿ? ನಿನ್ನ ಹಾಗೆ ನನಗೆ ಸುಳ್ಳು ಬರಲ್ಲ. ನೋವು ಅಂತಲೇ ಇದ್ದುಬಿಡ್ಲಿ. ನೀನೂ ಹಾಗೇ ಹೇಳು. ನನ್ನ ಮಾನ ಅದೊಂದರಲ್ಲಿದೆ."

ಅವಳು ಎದ್ದು, ಹಗಲಾದರೂ, ಬೀದಿಯ ಕಡೆಯ ಕಿಟಕಿ ಮುಚ್ಚಿದಳು. ತಾನು ಸರಾಗವಾಗಿ ನಡೆಯುವುದನ್ನು ಯಾರಾದರೂ ಕಂಡಾರು ಎಂದೋ ಏನೋ. ಗುಂಡ ಬಾಗಿಲೆಳೆದುಕೊಂಡು ಹೊರಗೆ ಬಂದ.

ಮಾರನೆಯ ಬೆಳಿಗ್ಗೆ ಅಂಗಡಿಗೆ ಮುದುಕರೊಬ್ಬರು ಬೆಳೆದ ಮಗನನ್ನು ಜೊತೆಗೆ ಕರೆದುಕೊಂಡು ಬಂದರು. ಮಗ ಬಾಗಿಲಲ್ಲೇ ನಿಂತು ಫೋನು ನೋಡುತ್ತಿದ್ದ. ಮುದುಕರು ಅವನ ತೋಳು ಹಿಡಿದೆಳೆದು ಕೌಂಟರಿನ ಮುಂದೆ ನಿಲ್ಲಿಸಿದರು.

"ಇವರನ್ನ ನೋಡಿ ಕಲಿ. ಅತ್ತೇನ ಕೂರಿಸಿ ಸಾಕ್ತಿದ್ದಾರೆ. ಸ್ವಂತ ತಾಯಿಯಲ್ಲ, ಅತ್ತೆ." ಆಮೇಲೆ ಗುಂಡನ ಕಡೆ ತಿರುಗಿ, "ಹೇಗಿದೆಯಪ್ಪ ಅವರ ಮೊಣಕಾಲು?" ಅಂದರು.

ಗುಂಡ ಟ್ರೇಯಿಂದ ತಲೆಯೆತ್ತಲಿಲ್ಲ.

"ಡಾಕ್ಟರ್ ರೆಸ್ಟ್ ಹೇಳಿದ್ದಾರೆ," ಅಂದ.